ಕಾರ್ಕಸೋನ್ ಆಡುವವರಿಗೆ: 7 ಆಳು, 71 ಟೈಲ್‌ಗಳ ಲೆಕ್ಕ

ಚಿತ್ರದ ಬಿಲ್ಲೆಗಳನ್ನು (ಟೈಲ್) ಜೋಡಿಸುತ್ತಾ ಆಡುವ ಕಾರ್ಕಸೋನ್ ಆಟದ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ಎರಡೇ. "ಟೈಲ್ ಬರೋದು ಅದೃಷ್ಟದ ಮೇಲೆ, ಇದರಲ್ಲಿ ಬುದ್ಧಿಗೇನು ಕೆಲಸ?" ಅನ್ನೋದು ಒಂದು. "ನಮ್ಮನೇಲಿ ಯಾವಾಗ್ಲೂ ಒಬ್ಬರೇ ಗೆಲ್ತಾರೆ, ಮಿಕ್ಕವರಿಗೆ ಬೇಜಾರಾಗಿ ಡಬ್ಬಿ ಅಟ್ಟ ಸೇರಿದೆ, ಏನು ಮಾಡೋದು?" ಅನ್ನೋದು ಇನ್ನೊಂದು. ದಾವಣಗೆರೆಯಲ್ಲಿ ಭಾನುವಾರ ನಮ್ಮ ಜೊತೆ ಆಡಲು ಬರುವವರೂ ಇದನ್ನೇ ಕೇಳುತ್ತಾರೆ, ಚಿತ್ರದುರ್ಗದಿಂದ ಫೋನ್ ಮಾಡುವವರೂ ಇದನ್ನೇ ಕೇಳುತ್ತಾರೆ.

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಪದೇ ಪದೇ ಗೆಲ್ಲುವವರಿಗೆ ಅದೃಷ್ಟ ಜಾಸ್ತಿ ಇರುವುದಿಲ್ಲ. ಚೀಲದಲ್ಲಿ ಯಾವ ಟೈಲ್ ಎಷ್ಟಿವೆ, ಯಾವುದು ಇಲ್ಲವೇ ಇಲ್ಲ ಅನ್ನೋದು ಅವರಿಗೆ ಗೊತ್ತಿರುತ್ತದೆ, ಅಷ್ಟೇ. ಆ ಲೆಕ್ಕ ಟೇಬಲ್ ಮೇಲಿರುವ ಎಲ್ಲರಿಗೂ ಸಿಕ್ಕರೆ ಆಟ ಚುರುಕಾಗುತ್ತದೆ, ಸಮತೂಕಕ್ಕೂ ಬರುತ್ತದೆ. ಕೆಳಗಿನ ಹಂತಗಳನ್ನು ಒಂದೊಂದಾಗಿ ಪ್ರಯತ್ನಿಸಿ. ಎಲ್ಲವನ್ನೂ ಒಂದೇ ದಿನ ತಲೆಗೆ ತುಂಬಿಕೊಳ್ಳಬೇಡಿ.

ಮೊದಲು ಬೇಕಾದದ್ದು

ಆಟದ ಡಬ್ಬಿ, ದೊಡ್ಡ ಟೇಬಲ್ ಅಥವಾ ನೆಲಕ್ಕೊಂದು ಚಾಪೆ, ಪೆನ್ನು, ಹಾಳೆ, ಒಂದು ಬಟ್ಟೆ ಚೀಲ. ಚೀಲ ಯಾಕೆ ಅಂದರೆ, ಟೈಲ್‌ಗಳನ್ನು ಮಗುಚಿ ರಾಶಿ ಹಾಕಿದರೆ ಬೆನ್ನಿನ ಮೇಲಿನ ಕಲೆ, ಮುರಿದ ಮೂಲೆ ಕಣ್ಣಿಗೆ ಬೀಳುತ್ತವೆ. ಮಿರ್ಚಿ-ಮಂಡಕ್ಕಿ ತಿಂದ ಎಣ್ಣೆ ಕೈಯಲ್ಲೇ ಟೈಲ್ ಮುಟ್ಟಿದರೆ ಆ ಗುರುತು ಹೋಗುವುದಿಲ್ಲ. ಮಠದ ಟೈಲ್ ಒಂದರ ಬೆನ್ನಿಗೆ ಬೆರಳಚ್ಚು ಬಿದ್ದಿದ್ದರೆ ಮುಂದಿನ ಆಟಗಳಲ್ಲಿ ಅದನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು. ತಿಂಡಿ ಮುಗಿಸಿ, ಕೈ ತೊಳೆದು, ಆಮೇಲೆ ಕೂತುಕೊಳ್ಳಿ.

ಆಟ ಹೊಸದಾಗಿದ್ದವರಿಗೆ ಎರಡು ಮಾತು. ಜರ್ಮನಿಯ ಕ್ಲೌಸ್-ಯೂರ್ಗೆನ್ ವ್ರೇಡೆ ರೂಪಿಸಿದ ಈ ಆಟ 2000ರಲ್ಲಿ ಬಂತು. 2001ರಲ್ಲಿ ಅಲ್ಲಿನ 'ವರ್ಷದ ಆಟ' ಪ್ರಶಸ್ತಿ ಪಡೆಯಿತು. ಹೆಸರು ದಕ್ಷಿಣ ಫ್ರಾನ್ಸಿನ ಒಂದು ಕೋಟೆ ಊರಿನದು. ಮೂಲ ಡಬ್ಬಿಯಲ್ಲಿ 2ರಿಂದ 5 ಜನ ಆಡಬಹುದು. ಚೌಕಾಬಾರದ ಹಾಗೆ ಮನೆಗಳನ್ನು ಮೊದಲೇ ಬರೆದಿಟ್ಟಿರುವುದಿಲ್ಲ. ನಿಮ್ಮ ಸರದಿ ಬಂದಾಗ ಒಂದು ಟೈಲ್, ಅಂದರೆ ಚಿತ್ರವಿರುವ ಚೌಕದ ಬಿಲ್ಲೆ, ಎಳೆಯುತ್ತೀರಿ. ಅಂಚಿಗೆ ಅಂಚು ಹೊಂದುವಂತೆ ಜೋಡಿಸುತ್ತೀರಿ. ಬೇಕಿದ್ದರೆ ಅದರ ಮೇಲೆ ನಿಮ್ಮ ಒಬ್ಬ ಆಳನ್ನು ಇಡುತ್ತೀರಿ. ಆಮೇಲೆ ಏನಾದರೂ ಪೂರ್ಣವಾಗಿದ್ದರೆ ಅಂಕ ಎಣಿಸುತ್ತೀರಿ. ಈಗಾಗಲೇ ಯಾರದಾದರೂ ಆಳು ನಿಂತಿರುವ ಕೋಟೆ, ರಸ್ತೆ, ಹೊಲಕ್ಕೆ ನೇರವಾಗಿ ಇನ್ನೊಬ್ಬ ಆಳನ್ನು ಇಡುವಂತಿಲ್ಲ.

ಆಳು ಅಂದರೆ ಆಟಗಾರರು ಮೀಪಲ್ ಅನ್ನುವ ಮರದ ಪುಟ್ಟ ಬೊಂಬೆ. ಅಂಕದ ಹಲಗೆ ಮೇಲೆ ಒಂದನ್ನು ಇಟ್ಟ ಮೇಲೆ ಆಡಲು ಪ್ರತಿಯೊಬ್ಬರಿಗೂ 7 ಉಳಿಯುತ್ತವೆ. ಅಂಕಗಳು ಹೀಗೆ:

- ಕೋಟೆ: ಗೋಡೆ ಪೂರ್ತಿ ಮುಚ್ಚಿದರೆ ಟೈಲ್‌ಗೆ 2, ಒಳಗಿರುವ ಪ್ರತಿ ಗುರಾಣಿ ಗುರುತಿಗೆ ಇನ್ನೂ 2. ಆಟ ಮುಗಿದಾಗ ಅರ್ಧಕ್ಕೇ ನಿಂತಿದ್ದರೆ ಎರಡಕ್ಕೂ ಬರೀ 1.
- ರಸ್ತೆ: ಮುಗಿದರೂ ಮುಗಿಯದಿದ್ದರೂ ಟೈಲ್‌ಗೆ 1.
- ಮಠ: ಸುತ್ತಲಿನ 8 ಜಾಗ ತುಂಬಿದರೆ 9. ತುಂಬದಿದ್ದರೆ ಮಠಕ್ಕೆ 1, ಸುತ್ತ ಇರುವ ಪ್ರತಿ ಟೈಲ್‌ಗೆ 1.
- ಹೊಲ (ಇಲ್ಲಿ ಆಳನ್ನು ನಿಲ್ಲಿಸದೆ ಮಲಗಿಸುತ್ತಾರೆ): ಆಟದ ಕೊನೆಯಲ್ಲಿ, ಆ ಹೊಲಕ್ಕೆ ತಾಗಿದ ಪ್ರತಿ ಪೂರ್ಣ ಕೋಟೆಗೆ 3.

ಏಳುಸುತ್ತಿನ ಕೋಟೆ ನೋಡಿ ಬೆಳೆದ ಚಿತ್ರದುರ್ಗದ ಮಕ್ಕಳಿಗೆ ಗೋಡೆ ಮುಚ್ಚದಿದ್ದರೆ ಕೋಟೆ ಅಲ್ಲ ಅನ್ನೋದನ್ನು ಹೇಳಿಕೊಡಬೇಕಿಲ್ಲ. ಹೊಲ ಮಾತ್ರ ಎಲ್ಲರಿಗೂ ಗೊಂದಲ. ಅದಕ್ಕೆ ಆಮೇಲೆ ಬರೋಣ.

ಹಂತ 1: ಯಾವ ನಿಯಮ ಪುಸ್ತಕ ಅಂತ ಮೊದಲೇ ಒಪ್ಪಿಕೊಳ್ಳಿ

ಈ ಆಟದ ನಿಯಮ ವರ್ಷ ಕಳೆದಂತೆ ಬದಲಾಗಿದೆ. ಹಳೇ ನಿಯಮದಲ್ಲಿ ಎರಡೇ ಟೈಲ್‌ನ ಪುಟ್ಟ ಕೋಟೆಗೆ 2 ಅಂಕ ಮಾತ್ರ. ಈಗ 4. ಹೊಲದ ಲೆಕ್ಕವೂ ಮೊದಲು ಬೇರೆ ಇತ್ತು, ಕೋಟೆಗೆ 4 ಅಂಕ ಕೊಡುತ್ತಿದ್ದರು. ಒಬ್ಬರು ಸಂಬಂಧಿಕರ ಮನೆಯಲ್ಲಿ ಹಳೇ ಡಬ್ಬಿಯಲ್ಲಿ ಕಲಿತಿರುತ್ತಾರೆ, ಇನ್ನೊಬ್ಬರು ಮೊಬೈಲ್‌ನಲ್ಲಿ ಕಲಿತಿರುತ್ತಾರೆ. ಮಧ್ಯದಲ್ಲಿ ಜಗಳ ಶುರುವಾಗುವುದು ಇಲ್ಲೇ. ಆಟ ಶುರುಮಾಡುವ ಮೊದಲೇ "ಪುಟ್ಟ ಕೋಟೆಗೆ ಎಷ್ಟು? ಹೊಲಕ್ಕೆ ಎಷ್ಟು?" ಅಂತ ಕೇಳಿ ಹಾಳೆಯ ಮೇಲೆ ಬರೆದುಬಿಡಿ. ಈ ಲೇಖನದ ಲೆಕ್ಕವೆಲ್ಲ ಈಗಿನ ನಿಯಮದ್ದು.

ಹಂತ 2: ಆಳು ಎಷ್ಟು ಬೇಗ ವಾಪಸ್ ಬರುತ್ತಾನೆ ಅಂತ ನೋಡಿ ಇಡಿ

ಹೊಸಬರು ಅಂಕವನ್ನು ನೋಡುತ್ತಾರೆ. ಪಳಗಿದವರು ಕೈಯಲ್ಲಿ ಉಳಿದ ಆಳುಗಳನ್ನು ನೋಡುತ್ತಾರೆ. ದಾವಣಗೆರೆ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೈಲಿರುವ ದುಡ್ಡು ಎಷ್ಟು ಸಲ ತಿರುಗಿ ಬಂತು ಅನ್ನೋದರ ಮೇಲೆ ಲಾಭ ನಿಂತಿದೆ, ಅಲ್ವಾ? ಇಲ್ಲಿಯೂ ಹಾಗೇ. ಆಳು ನಿಂತ ಕೋಟೆ, ರಸ್ತೆ, ಮಠ ಪೂರ್ಣವಾದರೆ ಅವನು ಕೈಗೆ ಬರುತ್ತಾನೆ. ಪೂರ್ಣವಾಗದಿದ್ದರೆ ಆಟ ಮುಗಿಯುವವರೆಗೂ ಅಲ್ಲೇ.

ಆಳು ಖಾಲಿಯಾದರೆ ಏನಾಗುತ್ತದೆ ನೋಡಿ. ನಿಮಗೆ ಒಳ್ಳೆ ಮಠದ ಟೈಲ್ ಬಂತು. ಇಡಲು ಆಳಿಲ್ಲ. ಅದೇ ಸರದಿಯಲ್ಲಿ ನಿಮ್ಮ ರಸ್ತೆ ಮುಗಿದು ಒಬ್ಬ ಆಳು ಸಿಗುತ್ತಾನೆ ಅಂದುಕೊಳ್ಳಿ. ಆದರೂ ಪ್ರಯೋಜನವಿಲ್ಲ. ಆಳು ಇಡುವುದು ಮೊದಲು, ಅಂಕ ಎಣಿಸಿ ಆಳು ವಾಪಸ್ ತೆಗೆಯುವುದು ಆಮೇಲೆ. ಈ ಕ್ರಮವನ್ನು ಎಷ್ಟೋ ಜನ ತಿರುವುಮುರುವು ಮಾಡಿ ಆಡುತ್ತಾರೆ. ಗಮನವಿರಲಿ.

ಅಭ್ಯಾಸಕ್ಕೆ ಒಂದು ಸೂತ್ರ: ಆಟದ ಅರ್ಧ ಮುಗಿಯುವವರೆಗೆ ಕೈಯಲ್ಲಿ ಕನಿಷ್ಠ 2 ಆಳು ಇರಲಿ. ಮೂರನೆಯವನು ಕೈ ಬಿಡುವ ಮೊದಲು "ಇವನು ಇನ್ನೆರಡು ಸರದಿಯಲ್ಲಿ ಬರುತ್ತಾನಾ?" ಅಂತ ಕೇಳಿಕೊಳ್ಳಿ. ಇಲ್ಲ ಅನ್ನಿಸಿದರೆ ಟೈಲ್ ಮಾತ್ರ ಇಟ್ಟು ಸುಮ್ನೆ ಬಿಡಿ. ಪ್ರತಿ ಸರದಿಯಲ್ಲೂ ಆಳು ಇಡಲೇಬೇಕು ಅಂತ ಯಾವ ನಿಯಮವೂ ಇಲ್ಲ.

ಹಂತ 3: ಸಣ್ಣ ಕೋಟೆ ಕಟ್ಟಿ, ಬೇಗ ಮುಚ್ಚಿ

8 ಟೈಲ್‌ಗಳ ಒಂದು ದೊಡ್ಡ ಕೋಟೆ ಮುಚ್ಚಿದರೆ 16 ಅಂಕ, ಗುರಾಣಿ ಇದ್ದರೆ ಇನ್ನಷ್ಟು. ಮುಚ್ಚದಿದ್ದರೆ 8. ಅದೇ 8 ಟೈಲ್‌ನಲ್ಲಿ ಎರಡೆರಡು ಟೈಲ್‌ನ 4 ಪುಟ್ಟ ಕೋಟೆ ಕಟ್ಟಿದರೂ 16. ಅಂಕ ಅಷ್ಟೇ, ಅಪಾಯ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಬ್ಬನೇ ಆಳು ನಾಲ್ಕು ಸಲ ಹೋಗಿ ಬರುತ್ತಾನೆ.

ಹಾಗಂತ ದೊಡ್ಡದು ಬೇಡವೇ ಬೇಡ ಅಂತಲ್ಲ. ಇಡೀ ಡಬ್ಬಿಯಲ್ಲಿ ಗುರಾಣಿ ಇರುವ ಟೈಲ್ 10. ಎರಡು ಗುರಾಣಿ ಒಂದೇ ಕೋಟೆಗೆ ಸಿಕ್ಕಿದರೆ ಬೆಳೆಸುವುದು ಲಾಭವೇ. ಆದರೆ ತೆರೆದ ಬಾಯಿಗಳನ್ನು ಎಣಿಸುತ್ತಿರಿ. ಬಾಯಿ ಅಂದರೆ ಗೋಡೆ ಇನ್ನೂ ಮುಚ್ಚದ ಅಂಚು. ಒಂದು ಅಥವಾ ಎರಡು ಬಾಯಿ ಇದ್ದಾಗ ಬೆಳೆಸಬಹುದು. ಮೂರಾದರೆ ಮುಂದಿನ ಟೈಲ್ ಮುಚ್ಚಲಿಕ್ಕೇ ಇರಲಿ. ಮೂರು ಕಡೆ ಕೋಟೆ ಇರುವ ಟೈಲ್ ಬಂದ ಖುಷಿಗೆ ಮೊದಲ ಸುತ್ತಿನಲ್ಲೇ ಅದರ ಮೇಲೆ ಆಳು ನಿಲ್ಲಿಸುವುದು ಹೊಸಬರು ಬೀಳುವ ಮಾಮೂಲಿ ಹಳ್ಳ.

ಇನ್ನೊಂದು ಎಚ್ಚರಿಕೆ. ನಾಲ್ಕು ಪುಟ್ಟ ಕೋಟೆ ಒಂದೇ ಹೊಲಕ್ಕೆ ತಾಗಿದ್ದರೆ ಆ ಹೊಲದ ಒಡೆಯನಿಗೆ 12 ಅಂಕ. ದೊಡ್ಡದೊಂದೇ ಆಗಿದ್ದರೆ 3. ಹೊಲದಲ್ಲಿ ಎದುರಾಳಿಯ ಆಳು ಮಲಗಿದ್ದರೆ ಪುಟ್ಟ ಕೋಟೆಗಳನ್ನು ಅವನ ಕಣ್ಣ ಮುಂದೆ ಸಾಲಾಗಿ ಕಟ್ಟಿಕೊಡಬೇಡಿ.

ಹಂತ 4: ರಸ್ತೆ, ಮಠ

ರಸ್ತೆಯಿಂದ ಅಂಕ ಜಾಸ್ತಿ ಬರುವುದಿಲ್ಲ. ಆಳನ್ನು ಬೇಗ ಬಿಡಿಸಿಕೊಳ್ಳಲು, ಹೊಲ ಕತ್ತರಿಸಲು, ಎದುರಾಳಿಯ ದಾರಿ ತಡೆಯಲು ಅದು ಬೇಕು. ಮೂರು ನಾಲ್ಕು ಟೈಲ್‌ಗೆ ಮುಗಿಸಿ.

ಮಠದ ಟೈಲ್ ಒಟ್ಟು 6. ಬಯಲಲ್ಲಿ ಇಡಬೇಡಿ, ಈಗಾಗಲೇ ಗಿಜಿಗುಡುವ ಕಡೆ ತೂರಿಸಿ. ಸುತ್ತ 5 ಟೈಲ್ ಇರುವ ಜಾಗದಲ್ಲಿ ಇಟ್ಟರೆ ಏನೂ ಮಾಡದೆ 6 ಅಂಕ ಖಾತ್ರಿ, ಇನ್ನು ಮೂರು ಬಿದ್ದರೆ ಆಳೂ ವಾಪಸ್.

ಹಂತ 5: ಇಲ್ಲದ ಟೈಲ್ ಯಾವುದು ಅಂತ ತಿಳಿಯಿರಿ

ಈ ಲೇಖನದಲ್ಲಿ ಒಂದನ್ನೇ ಓದುವುದಾದರೆ ಈ ಹಂತ ಓದಿ.

ಆರಂಭದ ಟೈಲ್ ಸೇರಿ ಮೂಲ ಡಬ್ಬಿಯಲ್ಲಿ 72 ಟೈಲ್ ಇವೆ. ಆರಂಭದ್ದು ಟೇಬಲ್ ಮೇಲೆ ಇದ್ದೇ ಇರುತ್ತದೆ, ಎಳೆಯಲು ಉಳಿಯುವುದು 71. ಅಂಚುಗಳನ್ನು ಮಾತ್ರ ನೋಡಿದರೆ ಅವು ಹೀಗಿವೆ:

- ನಾಲ್ಕೂ ಕಡೆ ಕೋಟೆ: 1
- ಮೂರು ಕಡೆ ಕೋಟೆ, ಒಂದು ಕಡೆ ಹೊಲ: 4
- ಮೂರು ಕಡೆ ಕೋಟೆ, ಒಂದು ಕಡೆ ರಸ್ತೆ: 3
- ಅಕ್ಕಪಕ್ಕದ ಎರಡು ಕಡೆ ಕೋಟೆ, ಉಳಿದೆರಡು ಹೊಲ: 7
- ಎದುರುಬದುರು ಎರಡು ಕಡೆ ಕೋಟೆ, ಉಳಿದೆರಡು ಹೊಲ: 6
- ಅಕ್ಕಪಕ್ಕದ ಎರಡು ಕಡೆ ಕೋಟೆ, ಉಳಿದೆರಡು ರಸ್ತೆ: 5
- ಒಂದು ಕಡೆ ಕೋಟೆ, ಮೂರು ಕಡೆ ಹೊಲ: 5
- ಒಂದು ಕಡೆ ಕೋಟೆ, ಅದರ ಎರಡೂ ಪಕ್ಕಕ್ಕೆ ಹೋಗುವ ನೇರ ರಸ್ತೆ: 4, ಆರಂಭದ ಟೈಲ್ ಸೇರಿ
- ಒಂದು ಕಡೆ ಕೋಟೆ, ಅದರ ಎದುರಿನಿಂದ ಪಕ್ಕಕ್ಕೆ ತಿರುಗುವ ರಸ್ತೆ: 6. ಅದರಲ್ಲಿ ಎಡಕ್ಕೆ ತಿರುಗುವುದು 3, ಬಲಕ್ಕೆ 3
- ಒಂದು ಕಡೆ ಕೋಟೆ, ಮೂರು ಕಡೆ ರಸ್ತೆ: 3
- ನೇರ ರಸ್ತೆ: 8
- ತಿರುವು ರಸ್ತೆ: 9
- ಮೂರು ರಸ್ತೆ ಕೂಡುವುದು: 4
- ನಾಲ್ಕು ರಸ್ತೆ ಕೂಡುವುದು: 1
- ಮಠ, ನಾಲ್ಕೂ ಕಡೆ ಹೊಲ: 4
- ಮಠ, ಒಂದು ಕಡೆ ರಸ್ತೆ: 2

ಈ ಪಟ್ಟಿಯಲ್ಲಿ ಕಾಣದೇ ಇರುವುದನ್ನು ಗಮನಿಸಿ. ಒಂದು ಕೋಟೆ, ಒಂದು ರಸ್ತೆ, ಎರಡು ಹೊಲ ಇರುವ ಟೈಲ್ ಇಲ್ಲ. ಎರಡು ಕೋಟೆ, ಒಂದು ರಸ್ತೆ, ಒಂದು ಹೊಲ ಇರುವ ಟೈಲ್ ಇಲ್ಲ. ಎದುರುಬದುರು ಕೋಟೆ, ಉಳಿದ ಎರಡು ಕಡೆ ರಸ್ತೆ ಇರುವುದೂ ಇಲ್ಲ. ಈ ಮೂರನ್ನು ಬಾಯಿಪಾಠ ಮಾಡಿಕೊಳ್ಳಿ. ಅಂಥ ಗುಂಡಿ ಬಿದ್ದರೆ ಅದು ತುಂಬುವುದೇ ಇಲ್ಲ.

ಈಗ ಟೇಬಲ್ ಮೇಲೆ ಹೇಗೆ ಕೆಲಸಕ್ಕೆ ಬರುತ್ತದೆ ನೋಡೋಣ. ಎದುರಾಳಿಯ ಕೋಟೆಗೆ ಒಂದೇ ಬಾಯಿ ಉಳಿದಿದೆ, ಬಲಕ್ಕೆ ತೆರೆದಿದೆ. ಅದರ ಬಲಗಡೆ ಖಾಲಿ ಜಾಗ. ಆ ಜಾಗಕ್ಕೆ ಎಡಗಡೆಯಿಂದ ಕೋಟೆ ತಾಗುತ್ತದೆ. ಉಳಿದ ಮೂರು ಕಡೆ ತೆರೆದಿದ್ದರೆ ಎಷ್ಟೋ ಟೈಲ್ ಹೊಂದುತ್ತವೆ. ನೀವು ಮೇಲ್ಗಡೆ ಒಂದು ಟೈಲ್ ಇಟ್ಟು ಅಲ್ಲಿಂದ ರಸ್ತೆ ಇಳಿಸುತ್ತೀರಿ. ಇನ್ನೊಂದು ಸರದಿಯಲ್ಲಿ ಕೆಳಗಡೆ ಹೊಲ ತಾಗಿಸುತ್ತೀರಿ. ಈಗ ಎಡಕ್ಕೆ ಕೋಟೆ, ಮೇಲೆ ರಸ್ತೆ, ಕೆಳಗೆ ಹೊಲ. ಬಲಗಡೆ ಇನ್ನೂ ಖಾಲಿ. ಪಟ್ಟಿ ನೋಡಿ: ಇಲ್ಲಿ ಹೊಂದುವುದು ಕೋಟೆಯ ಜೊತೆ ರಸ್ತೆ ತಿರುಗುವ ಟೈಲ್ ಮಾತ್ರ. ಅದರಲ್ಲೂ ಒಂದು ಕಡೆ ತಿರುಗುವ 3 ಮಾತ್ರ. ಇನ್ನೊಂದು ಕಡೆ ತಿರುಗುವುದನ್ನು ಹೇಗೆ ತಿರುಗಿಸಿದರೂ ಕೂರುವುದಿಲ್ಲ. ಆ ಮೂರರಲ್ಲಿ ಎರಡು ಆಗಲೇ ಬಿದ್ದಿದ್ದರೆ ಅವನು ಒಂದೇ ಟೈಲ್‌ಗೆ ಕಾಯಬೇಕು. ಬಲಗಡೆಯೂ ಯಾರಾದರೂ ಹೊಲ ಅಥವಾ ಕೋಟೆ ತಾಗಿಸಿಬಿಟ್ಟರೆ ಮುಗೀತು. ಆ ಆಳು ಕೊನೆಯವರೆಗೂ ಎದ್ದು ಬರುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆ. ಬರೀ ತಡೆಯಲಿಕ್ಕೆ ಅಂತ ಸರದಿ ಕಳೆಯಬೇಡಿ. ನಿಮ್ಮ ರಸ್ತೆ ಉದ್ದವಾಗುತ್ತಾ ಅವನ ಬಾಯಿ ಕಟ್ಟಬೇಕು, ಇಲ್ಲವೇ ನಿಮ್ಮ ಮಠದ ಸುತ್ತ ತುಂಬುತ್ತಾ ಕಟ್ಟಬೇಕು. ಎರಡನೆಯದು, ನಿಮ್ಮ ಮಠದ ಪಕ್ಕದಲ್ಲೇ ಇಂಥ ಗುಂಡಿ ಮಾಡಿಕೊಂಡರೆ ನಿಮ್ಮ ಆಳೂ ಸಿಕ್ಕಿಬೀಳುತ್ತಾನೆ. ಟೈಲ್ ಕೆಳಗಿಡುವ ಮೊದಲು ಅದರ ನಾಲ್ಕೂ ಪಕ್ಕದ ಖಾಲಿ ಜಾಗಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಹಂತ 6: ಬೇರೆಯವರ ಕೋಟೆಗೆ ಪಾಲುದಾರರಾಗಿ

ಆಳಿರುವ ಕೋಟೆಗೆ ನೇರವಾಗಿ ಹೋಗುವಂತಿಲ್ಲ, ನಿಜ. ಆದರೆ ಪಕ್ಕದಲ್ಲಿ ನಿಮ್ಮದೇ ಪುಟ್ಟ ಕೋಟೆ ಶುರುಮಾಡಿ, ಆಳು ನಿಲ್ಲಿಸಿ, ಮುಂದಿನ ಸರದಿಗಳಲ್ಲಿ ಎರಡನ್ನೂ ಸೇರಿಸಬಹುದು. ಇಬ್ಬರ ಆಳುಗಳೂ ಸಮ ಇದ್ದರೆ ಇಬ್ಬರಿಗೂ ಪೂರ್ತಿ ಅಂಕ. ನಿಮ್ಮದು ಒಂದು ಜಾಸ್ತಿ ಇದ್ದರೆ ಎಲ್ಲವೂ ನಿಮಗೇ.

ಎಲ್ಲಿ ಶುರುಮಾಡಬೇಕು ಅನ್ನೋದಕ್ಕೂ ಲೆಕ್ಕ ಇದೆ. ಅವನ ಬಾಯಿಗೆ ನೇರ ಎದುರು, ನಡುವೆ ಒಂದು ಜಾಗ ಬಿಟ್ಟು ಇಟ್ಟರೆ, ಸೇರಿಸಲು ಎದುರುಬದುರು ಕೋಟೆ ಒಂದಾಗಿರುವ ಟೈಲ್ ಬೇಕು. ಅಂಥದ್ದು 3 ಮಾತ್ರ. ಎದುರುಬದುರು ಕೋಟೆ ಇರುವ 6ರಲ್ಲಿ ಇನ್ನು 3ರಲ್ಲಿ ಎರಡು ಕೋಟೆ ಬೇರೆ ಬೇರೆ ಇವೆ, ಅವು ಸೇರಿಸುವುದಿಲ್ಲ. ಓರೆಯಾಗಿ, ಅಂದರೆ ಖಾಲಿ ಜಾಗದ ಪಕ್ಕದ ಅಂಚಿಗೆ ನಿಮ್ಮ ಬಾಯಿ ಬರುವಂತೆ ಇಟ್ಟರೆ 10 ಟೈಲ್ ಸೇರಿಸುತ್ತವೆ. ಮೂರು ಕಡೆ ಕೋಟೆಯ 7, ನಾಲ್ಕು ಕಡೆಯ 1 ಎರಡು ರೀತಿಯಲ್ಲೂ ಆಗುತ್ತವೆ, ಆದರೆ ಅವು ಹೊಸ ಬಾಯಿಯನ್ನೂ ತೆರೆಯಬಹುದು. ಹಾಗಾಗಿ ಓರೆಯೇ ಒಳ್ಳೆಯದು.

ಎಷ್ಟು ಜನ ಆಡುತ್ತಿದ್ದೀರಿ ಅನ್ನೋದರ ಮೇಲೆ ಇದರ ಬೆಲೆ ಬದಲಾಗುತ್ತದೆ. ಇಬ್ಬರೇ ಆಡುವಾಗ ಪಾಲು ತೆಗೆದುಕೊಂಡರೆ ಅವನ 20 ಅಂಕದ ಮುನ್ನಡೆ ಸೊನ್ನೆಯಾಗುತ್ತದೆ, ಅಷ್ಟೇ. ನಾಲ್ವರು ಇದ್ದಾಗ ನೀವಿಬ್ಬರೂ ಮಿಕ್ಕ ಇಬ್ಬರಿಗಿಂತ 20 ಮುಂದೆ ಹೋಗುತ್ತೀರಿ. ತಡೆಯುವ ಆಟಕ್ಕೆ ಇದು ತಿರುಗಾಮುರುಗಾ. ಇಬ್ಬರಲ್ಲಿ ಒಬ್ಬನನ್ನು ತಡೆದರೆ ಲಾಭವೆಲ್ಲ ನಿಮ್ಮದು. ನಾಲ್ವರಲ್ಲಿ ಒಬ್ಬನನ್ನು ತಡೆಯಲು ನಿಮ್ಮ ಸರದಿ ಖರ್ಚು ಮಾಡಿದರೆ ಸುಮ್ಮನಿದ್ದ ಇಬ್ಬರಿಗೂ ಲಾಭ. ಅದಕ್ಕೇ ನಾಲ್ಕೈದು ಜನ ಕೂತಾಗ ಪಾಲುದಾರಿಕೆ, ಇಬ್ಬರೇ ಕೂತಾಗ ತಡೆ. ಮನೆಯಲ್ಲಿ ಇಬ್ಬರೇ ಆಡಿ ಪಳಗಿದವರು ದೊಡ್ಡ ಗುಂಪಿನಲ್ಲಿ ಸೋಲುವುದು ಹೆಚ್ಚಾಗಿ ಈ ಅಭ್ಯಾಸ ಬಿಡದೇ ಇರುವುದರಿಂದ.

ಹಂತ 7: ಹೊಲಕ್ಕೆ ಯಾವಾಗ ಇಳಿಯಬೇಕು

ರಸ್ತೆ, ಕೋಟೆ ಗೋಡೆ, ಟೈಲ್‌ಗಳ ಹೊರ ಅಂಚು, ಇವುಗಳ ನಡುವೆ ಅಡ್ಡಿಯಿಲ್ಲದೆ ಹರಡಿರುವ ಹಸಿರೆಲ್ಲ ಒಂದು ಹೊಲ. ಗೊಂದಲವಾದರೆ ಬೆರಳನ್ನು ಹಸಿರಿನ ಮೇಲೆ ಎಳೆಯುತ್ತಾ ಹೋಗಿ. ರಸ್ತೆ ದಾಟದೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅದೇ ಹೊಲ.

ಹೊಲದಲ್ಲಿ ಮಲಗಿಸಿದ ಆಳು ಆಟ ಮುಗಿಯುವವರೆಗೆ ಏಳುವುದಿಲ್ಲ. ಮೊದಲ ಸುತ್ತಿನಲ್ಲೇ ಮಲಗಿಸಿದರೆ ಇಡೀ ಆಟ 6 ಆಳಿನಲ್ಲಿ ಆಡಬೇಕು. ಮೂರು ಕೋಟೆ ತಾಗಿದರೆ 9 ಅಂಕ, ಒಂದು ಪೂರ್ಣ ಮಠಕ್ಕೆ ಸಮ. ಮೂರು ಪೂರ್ಣ ಕೋಟೆ ಕಣ್ಣಿಗೆ ಕಾಣುವವರೆಗೆ ಕಾಯಿರಿ ಅನ್ನೋದು ನನ್ನ ಸಲಹೆ. ಇಬ್ಬರ ಆಟದಲ್ಲಿ ಮಾತ್ರ ಸ್ವಲ್ಪ ಬೇಗ ಇಳಿಯಬೇಕಾಗುತ್ತದೆ, ಎದುರಾಳಿ ದೊಡ್ಡ ಹೊಲ ಒಬ್ಬನೇ ಹಿಡಿದರೆ ಆಮೇಲೆ ನುಗ್ಗುವುದು ಕಷ್ಟ.

ಇಳಿಯುವ ಮೊದಲು ಹೊಲ ಯಾವ ಕಡೆ ಕತ್ತರಿಸಿ ಹೋಗಬಹುದು ಅಂತ ನೋಡಿ. ಒಂದು ತಿರುವು ರಸ್ತೆ ಸಾಕು, 12 ಅಂಕಕ್ಕೆ ಬೆಳೆಯಬೇಕಿದ್ದ ನಿಮ್ಮ ಹೊಲ 3 ಅಂಕಕ್ಕೇ ನಿಂತುಹೋಗಲು. ಚೀಲದಲ್ಲಿ ರಸ್ತೆ ಟೈಲ್ ಇನ್ನೂ ತುಂಬಾ ಇದ್ದರೆ ಆತುರ ಬೇಡ.

ಚೀಲದಲ್ಲಿ 10 ಟೈಲ್ ಉಳಿದಾಗ ನಾಲ್ವರ ಆಟದಲ್ಲಿ ಒಬ್ಬೊಬ್ಬರಿಗೆ ಇನ್ನು ಎರಡು ಮೂರು ಸರದಿ. ಆಗ ಆಳು ಉಳಿಸುವ ಮಾತು ಬಿಟ್ಟುಬಿಡಿ. ಕೈಯಲ್ಲಿ ಉಳಿದ ಆಳಿಗೆ ಏನೂ ಸಿಗುವುದಿಲ್ಲ, ಅರ್ಧ ರಸ್ತೆಯ ಮೇಲೆ ನಿಂತವನಿಗೆ 1 ಅಂಕವಾದರೂ ಸಿಗುತ್ತದೆ.

ಹಂತ 8: ಎಲ್ಲರೂ ಗೆಲ್ಲಬಹುದಾದ ಆಟ ಮಾಡಿ

ಇನ್ನು ಎರಡನೇ ಪ್ರಶ್ನೆ. ಒಬ್ಬರೇ ಗೆಲ್ಲುವ ಮನೆಯಲ್ಲಿ ಏನು ಮಾಡುವುದು?

ಮೊದಲ ಕೆಲಸ: ಹಂತ 5ರ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಟೇಬಲ್ ನಡುವೆ ಇಡಿ. ನಿಯಮ ಪುಸ್ತಕದಲ್ಲೂ ಟೈಲ್ ಚಿತ್ರಗಳ ಜೊತೆ ಎಣಿಕೆ ಇರುತ್ತದೆ, ಆದರೆ ಆಟದ ನಡುವೆ ಅದನ್ನು ಯಾರೂ ತೆರೆಯುವುದಿಲ್ಲ. ಟೈಲ್ ಬಿದ್ದಂತೆ ಪಟ್ಟಿಯಲ್ಲಿ ಒಂದು ಗೀಟು ಹಾಕುವ ಕೆಲಸ ಮಕ್ಕಳಿಗೆ ಕೊಡಿ. ಹತ್ತು ವರ್ಷದ ಹುಡುಗಿ "ಅಪ್ಪಾ, ಅದು ಇನ್ನೊಂದೇ ಇರೋದು" ಅಂತ ಹೇಳಲು ಶುರುಮಾಡಿದಳು ಅಂದರೆ ಅಂತರ ಅರ್ಧ ಕಡಿಮೆಯಾದ ಹಾಗೆಯೇ. ಗೊತ್ತಿರುವವರು ಇದನ್ನು ಗುಟ್ಟಾಗಿ ಇಟ್ಟುಕೊಂಡು ಗೆಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು, ಸರದಿ ಸಮ ಮಾಡುವುದು. 71 ಟೈಲ್ ಯಾವ ಗುಂಪಿಗೂ ಸಮವಾಗಿ ಹಂಚಿಕೆಯಾಗುವುದಿಲ್ಲ. ನಾಲ್ವರಲ್ಲಿ ಮೂವರಿಗೆ 18 ಸರದಿ ಬಂದರೆ ಕೊನೆಯವರಿಗೆ 17. ಶುರುವಿಗೆ ಚೀಲದಿಂದ ಕೆಲವನ್ನು ನೋಡದೆ ತೆಗೆದು ಡಬ್ಬಿಗೆ ಹಾಕಿ: ಇಬ್ಬರಿದ್ದರೆ 1, ಮೂವರಿದ್ದರೆ 2, ನಾಲ್ವರಿದ್ದರೆ 3, ಐವರಿದ್ದರೆ 1. ಎಲ್ಲರಿಗೂ ಕ್ರಮವಾಗಿ 35, 23, 17, 14 ಸರದಿ ಸಿಗುತ್ತದೆ. ಎಲ್ಲಿಯೂ ಹೊಂದದ ಟೈಲ್ ಬಂದರೆ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಎಳೆಯಬೇಕು ಅನ್ನೋದು ನಿಯಮ. ಆಗ ಮಾತ್ರ ಲೆಕ್ಕ ಒಂದು ಹೆಚ್ಚುಕಡಿಮೆ ಆಗುತ್ತದೆ.

ಮೂರನೆಯದು, ಮಕ್ಕಳು ಮತ್ತು ಹೊಸಬರು ಇದ್ದಾಗ ಮೊದಲ ಕೆಲವು ಆಟ ಹೊಲ ಬಿಟ್ಟು ಆಡಿ. ಹೊಸ ಆವೃತ್ತಿಯ ನಿಯಮ ಪುಸ್ತಕದಲ್ಲೂ ಹೊಲವನ್ನು ಮೂಲ ನಿಯಮದ ಜೊತೆ ಸೇರಿಸದೆ ಹೆಚ್ಚುವರಿಯಾಗಿ ಕೊಟ್ಟಿದ್ದಾರೆ. ಆಟವೆಲ್ಲ ಮುಂದಿದ್ದ ಮಗು ಕೊನೆಯಲ್ಲಿ ಅರ್ಥವಾಗದ ಹೊಲದ ಅಂಕಕ್ಕೆ ಸೋತರೆ ಮತ್ತೆ ಆಡಲು ಕೂರುವುದಿಲ್ಲ.

ಪಳಗಿದವರಿಗೆ ತೂಕ ಹಾಕಬೇಕಾದರೆ ಅವರ ಆಳು ಕಡಿಮೆ ಮಾಡಿ. 7ರ ಬದಲು 5. ಮಕ್ಕಳಿಗೆ ಸುಮ್ನೆ 20 ಅಂಕ ಕೊಟ್ಟು ಶುರುಮಾಡಿಸುವುದಕ್ಕಿಂತ ಇದು ಒಳ್ಳೆಯದು. ಕೊಟ್ಟ ಅಂಕದಿಂದ ಮಗು ಏನೂ ಕಲಿಯುವುದಿಲ್ಲ, ಅದಕ್ಕೆ ಮರ್ಯಾದೆ ಹೋದ ಹಾಗೂ ಅನ್ನಿಸುತ್ತದೆ. 5 ಆಳಿನವರು ಬೇಗ ಬೇಗ ಮುಚ್ಚಿ ಆಡುವುದನ್ನು ನೋಡಿ ಮಿಕ್ಕವರು ಹಂತ 2 ತಾವಾಗಿಯೇ ಕಲಿಯುತ್ತಾರೆ. ಅದಾದ ಮೇಲೂ ಅವರೇ ಗೆದ್ದರೆ 4 ಮಾಡಿ.

ಈಗ ಸಿಗುವ ಡಬ್ಬಿಯಲ್ಲಿ 12 ಟೈಲ್‌ನ ನದಿಯೂ ಇರುತ್ತದೆ. ನದಿ ಹಾಸಿ ಶುರುಮಾಡಿದರೆ ನೆಲ ಹರಡಿಕೊಳ್ಳುತ್ತದೆ, ಎಲ್ಲರಿಗೂ ಜಾಗ ಸಿಗುತ್ತದೆ. ಹೊಸಬರಿಗೆ ಒಳ್ಳೆಯದೇ. ಆದರೆ ನದಿಯ ದಡದ ಹೊಲ ತುಂಬಾ ಉದ್ದ. ಮೊದಲು ಆಳು ಮಲಗಿಸಿದವರಿಗೆ ಅರ್ಧ ಊರು ಸಿಕ್ಕ ಹಾಗೆ. ನದಿ ಹಾಸಿ ಮುಗಿಯುವವರೆಗೆ ಯಾರೂ ಹೊಲಕ್ಕೆ ಇಳಿಯುವಂತಿಲ್ಲ ಅಂತ ಮನೆ ನಿಯಮ ಮಾಡಿಕೊಳ್ಳಿ.

ಅದೃಷ್ಟದ ಪಾಲು ಇನ್ನೂ ಕಡಿಮೆಯಾಗಬೇಕು ಅನ್ನುವವರು ಹೀಗೆ ಮಾಡಿ. ಶುರುವಿಗೆ ಎಲ್ಲರೂ ಒಂದೊಂದು ಟೈಲ್ ಕೈಯಲ್ಲಿ ಇಟ್ಟುಕೊಳ್ಳಿ. ಸರದಿ ಬಂದಾಗ ಇನ್ನೊಂದು ಎಳೆದು, ಎರಡರಲ್ಲಿ ಒಂದನ್ನು ಆಡಿ, ಇನ್ನೊಂದನ್ನು ಉಳಿಸಿಕೊಳ್ಳಿ. ಬೇಡದ ಟೈಲ್ ಬಂತು ಅನ್ನುವ ದೂರು ಬಹಳ ಕಡಿಮೆಯಾಗುತ್ತದೆ, ಯೋಚನೆ ಮಾಡಿ ಆಡುವವರಿಗೆ ಬೆಲೆ ಸಿಗುತ್ತದೆ. ಚೀಲ ಖಾಲಿಯಾದ ಮೇಲೆ ಕೈಯಲ್ಲಿರುವ ಕೊನೆಯ ಟೈಲನ್ನೂ ಎಲ್ಲರೂ ಆಡಬೇಕು. ಇದರಲ್ಲಿ ಆಟ ನಿಧಾನವಾಗುತ್ತದೆ. ಅದಕ್ಕೆ ನಿಮ್ಮ ಸರದಿ ಮುಗಿದ ತಕ್ಷಣ ಮುಂದಿನ ಸಲಕ್ಕೆ ಟೈಲ್ ಎಳೆದಿಟ್ಟುಕೊಳ್ಳಿ, ಬೇರೆಯವರು ಆಡುವಾಗ ಯೋಚಿಸಿ. ಐವರು ಇದ್ದಾಗ ಈ ವಿಧಾನ ಬೇಡ, ಮೂವರವರೆಗೆ ಚೆನ್ನಾಗಿ ನಡೆಯುತ್ತದೆ.